ಆಗುಂಬೆಯ ಕಪ್ಪೆ ಯಾವ ಪ್ರಬಂಧ ಸೇರಿತು?

ಆಗುಂಬೆಯ ಹಳ್ಳದ ಬದಿಯಲ್ಲಿ ಟಾರ್ಚ್ ಹಿಡಿದು ತೆಗೆದ ಕಪ್ಪೆಯ ಫೋಟೊ, ಜನ ತಾವು ಕಂಡ ಜೀವಿಗಳನ್ನು ದಾಖಲಿಸುವ ಐನ್ಯಾಚುರಲಿಸ್ಟ್ ಜಾಲತಾಣಕ್ಕೆ ಹೋಗುತ್ತದೆ. ಗುರುತು ಖಚಿತವಾಗಿ 'ರಿಸರ್ಚ್ ಗ್ರೇಡ್' ಆಯಿತು, ಮರುಬಳಕೆಯ ಲೈಸೆನ್ಸೂ ಸರಿಯಿದೆ ಎಂದಾದರೆ ಅಲ್ಲಿಂದ ಜೀವಿಗಳ ದಾಖಲೆಗಳ ಜಾಗತಿಕ ಭಂಡಾರವಾದ ಜಿಬಿಐಎಫ್ ಸೇರುತ್ತದೆ. ಮುಂದೆ ಅದನ್ನು ಯಾರು ಬಳಸಿದರು? ಬಹಳ ಮಂದಿ ಡೇಟಾಸೆಟ್‌ನ (ಆ ದಾಖಲೆಯಿರುವ ಸಂಗ್ರಹದ) ಹೆಸರನ್ನು ಗೂಗಲ್‌ಗೆ ಹಾಕಿ, ಏನೂ ಸಿಗದೆ ಕೈಬಿಡುತ್ತಾರೆ. ಹೆಸರನ್ನು ಒಬ್ಬೊಬ್ಬರು ಒಂದೊಂದು ರೀತಿ ಬರೆಯುತ್ತಾರೆ. ಹಿಡಿಯಬೇಕಾದದ್ದು ಡಿಒಐ ಸಂಖ್ಯೆಯನ್ನು, ಅಂದರೆ ಪ್ರಬಂಧಕ್ಕೋ ದತ್ತಾಂಶಕ್ಕೋ ಕೊಡುವ ಬದಲಾಗದ ಗುರುತಿನ ಸಂಖ್ಯೆಯನ್ನು.

ಜಿಬಿಐಎಫ್‌ನಲ್ಲಿ ಮುಖ್ಯವಾಗಿ ಎರಡು ಬಗೆಯ ಡಿಒಐ ಇವೆ, ಎರಡೂ ಸಾಮಾನ್ಯವಾಗಿ 10.15468 ಎಂದೇ ಶುರು. ಒಂದು ಡೇಟಾಸೆಟ್‌ನದು. ಇನ್ನೊಂದು ಡೌನ್‌ಲೋಡ್‌ನದು, ಅಂದರೆ ಸಂಶೋಧಕರು ತಮಗೆ ಬೇಕಾದ ದಾಖಲೆಗಳನ್ನು ಇಳಿಸಿಕೊಂಡಾಗ ಸಿಗುವುದು: ಓರೆಗೆರೆಯ ನಂತರ ಡಿ, ಎಲ್ ಅಕ್ಷರಗಳು, ಒಂದು ಚುಕ್ಕಿ ಇರುತ್ತವೆ. ಸಂಶೋಧಕರು ಸಾಮಾನ್ಯವಾಗಿ ಉಲ್ಲೇಖಿಸುವುದು ಡೌನ್‌ಲೋಡ್‌ನದನ್ನು. ಹಾಗಾಗಿ ಡೇಟಾಸೆಟ್‌ನ ಡಿಒಐ ಮಾತ್ರ ಗೂಗಲ್ ಸ್ಕಾಲರ್‌ನಲ್ಲಿ ಹುಡುಕಿದರೆ ಸಿಗುವುದು ಅರೆಬರೆ. ಜಿಬಿಐಎಫ್‌ನಲ್ಲೇ ಆ ಡೇಟಾಸೆಟ್‌ನ ಪುಟ ತೆರೆದು 'ಸೈಟೇಶನ್ಸ್' ಒತ್ತಿ. ಡೌನ್‌ಲೋಡ್‌ಗೆ ದಾಖಲೆ ಕೊಟ್ಟ ಪ್ರತಿ ಡೇಟಾಸೆಟ್‌ಗೂ ಅಲ್ಲಿ ಪ್ರಬಂಧವನ್ನು ಜೋಡಿಸಿರುತ್ತಾರೆ. ವರ್ಷ, ದೇಶ, ಪೀರ್ ರಿವ್ಯೂ (ತಜ್ಞರ ಪರಿಶೀಲನೆ) ಫಿಲ್ಟರ್‌ಗಳೂ ಇವೆ.

ಆದರೆ ಆ ಪಟ್ಟಿಯ ಸಂಖ್ಯೆ ನೋಡಿ ಹಿಗ್ಗಬೇಡಿ. ಡೌನ್‌ಲೋಡ್‌ಗೆ ಒಂದೇ ಒಂದು ದಾಖಲೆ ಹೋಗಿದ್ದರೂ ಅದು ಲೆಕ್ಕಕ್ಕೆ ಬರುತ್ತದೆ. ಐನ್ಯಾಚುರಲಿಸ್ಟ್‌ನದು ಇಡೀ ಪ್ರಪಂಚದ ದಾಖಲೆಗಳ ಒಂದೇ ಡೇಟಾಸೆಟ್. ಅದಕ್ಕೆ ಬಂದ ಉಲ್ಲೇಖವೆಲ್ಲ ನಮ್ಮ ಕಪ್ಪೆಯದಲ್ಲ. ಆದ್ದರಿಂದ ಪ್ರಬಂಧದಲ್ಲಿರುವ ಡೌನ್‌ಲೋಡ್ ಡಿಒಐ ಒತ್ತಿ ಒಳಗೆ ಹೋಗಿ. ಯಾವ ಜೀವಿ, ಯಾವ ದೇಶ, ಯಾವ ದಿನ ಕೇಳಿದ್ದು ಎಂದು ಆ ಪುಟದಲ್ಲಿರುತ್ತದೆ. ಭಾರತದ ಕಪ್ಪೆಗಳೆಲ್ಲ ಬೇಕು ಎಂದು ಕೇಳಿದ್ದರೆ ಆಗುಂಬೆಯದೂ ಅದರಲ್ಲಿರುವ ಸಾಧ್ಯತೆ ಹೆಚ್ಚು. ಫೋಟೊ ಏರಿಸಿದ್ದು ಆ ದಿನಾಂಕದ ನಂತರವಾದರೆ ಸಾಧ್ಯವೇ ಇಲ್ಲ.

ಡೌನ್‌ಲೋಡ್‌ನಲ್ಲಿದ್ದರೂ ವಿಶ್ಲೇಷಣೆಯಲ್ಲಿ ಉಳಿಯಿತೇ ಎಂಬುದು ಬೇರೆ ಮಾತು. ಅಪಾಯದಲ್ಲಿರುವ ಪ್ರಭೇದಗಳ ಜಾಗವನ್ನು ಐನ್ಯಾಚುರಲಿಸ್ಟ್ ಬೇಕೆಂದೇ ಮಸುಕು ಮಾಡುತ್ತದೆ. 0.2 ಡಿಗ್ರಿ ಚೌಕ, ಅಂದರೆ ಸುಮಾರು 22 ಕಿ.ಮೀ. ಅಗಲದ ಪ್ರದೇಶದೊಳಗೆ ಎಲ್ಲೋ ಒಂದು ಬಿಂದು. ಘಟ್ಟದ ಅಂಚಿನ ಆಗುಂಬೆಗೆ ಇದು ದೊಡ್ಡ ತೊಡಕು: ಮೇಲೆ ಕಂಡ ಕಪ್ಪೆಯ ಬಿಂದು ಕೆಳಗಿನ ಸೋಮೇಶ್ವರದ ಕಡೆ ಬೀಳಬಹುದು. ಎತ್ತರ, ಮಳೆ ಎಲ್ಲವೂ ತಪ್ಪುತ್ತದೆ. ಎಚ್ಚರದ ಸಂಶೋಧಕರು ಇಂಥವನ್ನು ತೆಗೆದುಹಾಕುತ್ತಾರೆ. ಪ್ರಬಂಧದ 'ವಿಧಾನ' ಭಾಗ ಓದದೆ 'ಬಳಕೆಯಾಗಿದೆ' ಎಂದು ಬರೆದುಕೊಳ್ಳಬಾರದು.

ಇಷ್ಟಾದ ಮೇಲೆ ಪ್ರಬಂಧ ಹುಡುಕುವ ತಾಣಗಳಾದ ಗೂಗಲ್ ಸ್ಕಾಲರ್, ಯುರೋಪ್ ಪಿಎಂಸಿಗಳಲ್ಲಿ ಡಿಒಐಯನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ನೋಡಿ. ಪಿಡಿಎಫ್‌ನಿಂದ ನಕಲಿಸುವಾಗ ಕೊನೆಯ ಪೂರ್ಣವಿರಾಮ ಅಂಟಿಕೊಂಡು ಬಂದರೆ ಅಥವಾ ಸಾಲು ಮುರಿದಲ್ಲಿ ಖಾಲಿ ಜಾಗ ನುಸುಳಿದರೆ ಫಲಿತಾಂಶ ಸೊನ್ನೆಯಾಗಬಹುದು. ಡಿಒಐ ಪೂರಕ ಫೈಲ್‌ನಲ್ಲಿ ಮಾತ್ರ ಇದ್ದರೆ ಇಲ್ಲಿಯೂ ಸಿಗುವುದು ಕಷ್ಟ.

ಡಿಒಐ ಇಲ್ಲದ ಹಳೇ ಪ್ರಬಂಧಗಳಿಗೆ ಊರು, ಪ್ರಭೇದದ ಹೆಸರುಗಳೇ ಗತಿ. ಜಿಲ್ಲೆಯ ಇಂಗ್ಲಿಷ್ ಹೆಸರು ಅಧಿಕೃತವಾಗಿ 'ಶಿಮೊಗ' ಹೋಗಿ 'ಶಿವಮೊಗ್ಗ' ಆದದ್ದು 2014ರ ನವೆಂಬರ್ 1ರಂದು, ಎರಡನ್ನೂ ಹಾಕಬೇಕು. ತೀರ್ಥಹಳ್ಳಿಗೂ ಎರಡು ಸ್ಪೆಲಿಂಗ್. ಹಿಂದೆ ಫೆಜರ್ವಾರ್ಯ ಕುಲದವು ಎನ್ನುತ್ತಿದ್ದ ನಮ್ಮ ಗದ್ದೆ ಕಪ್ಪೆಗಳಲ್ಲಿ ಹಲವು ಈಗ ಮಿನರ್ವಾರ್ಯ ಕುಲದವು, ಇಲ್ಲೂ ಎರಡೂ ಹೆಸರು ಹಾಕಬೇಕು.

ಸಿಕ್ಕಿದ್ದನ್ನು ಸ್ಪ್ರೆಡ್‌ಶೀಟ್‌ಗೆ ಹಾಕುವಾಗ ಪ್ರಿಪ್ರಿಂಟ್ (ಜರ್ನಲ್‌ನಲ್ಲಿ ಬರುವ ಮೊದಲಿನ ಕರಡು) ಮತ್ತು ಅದೇ ಪ್ರಬಂಧದ ಜರ್ನಲ್ ಆವೃತ್ತಿ ಎರಡು ಸಾಲಾಗದಂತೆ ನೋಡಿಕೊಳ್ಳಿ. ದತ್ತಾಂಶ ಬಳಸಿದವರನ್ನೂ ಬರೀ ಹೆಸರು ಹೇಳಿದವರನ್ನೂ ಬೇರೆ ಬೇರೆ ಕಾಲಂನಲ್ಲಿಡಿ. ಬಳಸಿದ ಪ್ರಬಂಧ ಜಿಬಿಐಎಫ್ ಪಟ್ಟಿಯಲ್ಲಿ ಕಾಣದಿದ್ದರೆ ಅವರ ಸಹಾಯ ವಿಭಾಗಕ್ಕೆ ಪ್ರಬಂಧದ ಡಿಒಐ, ಡೌನ್‌ಲೋಡ್‌ನ ಡಿಒಐ ಎರಡನ್ನೂ ಬರೆದು ಕಳಿಸಿ.