ಸೊಟ್ಟ ಕಾಲಿನ ಮರಿ, ಎರಡು ಬಾಟಲಿ ಕ್ಯಾಲ್ಸಿಯಂ

ನಾನು ತುಮಕೂರು ಕಡೆಯವನು. ಪಶುವೈದ್ಯನಾಗಿ ಬಾಗಲಕೋಟೆ ಜಿಲ್ಲೆಗೆ ಬಂದು ಆರು ವರ್ಷವಾಯಿತು. ಇಲ್ಲಿ ದಿನದ ಮುಕ್ಕಾಲು ಹೊತ್ತು ಎಮ್ಮೆ, ಕುರಿ, ಆಡುಗಳಲ್ಲೇ ಕಳೆಯುತ್ತದೆ. ನಾಯಿ ಬಂದರೆ ಎರಡೇ ಬಗೆ. ಒಂದು, ಕುರಿಗಾರರ ಜೊತೆ ಅಡವಿ ತಿರುಗುವ ನಾಯಿ. ಇನ್ನೊಂದು, ಮುಧೋಳ ನಾಯಿಗೆ ಹೆಸರು ಬಂದಮೇಲೆ ದುಡ್ಡು ಸುರಿದು ತಂದ ಮರಿ. 2016ರಲ್ಲಿ ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದಿಂದ ಮರಿಗಳು ಮೀರತ್‌ಗೆ, ಸೇನೆಗೆ ಹೋದಮೇಲಂತೂ ಈ ಎರಡನೆಯ ಬಗೆಯವರು ಹೆಚ್ಚಾದರು. ಮರಿಗೆ ಬರೀ ಕೋಳಿ ಮಾಂಸ ಹಾಕುತ್ತಾರೆ, ಅದೂ ಮೂಳೆ ತೆಗೆದು. ಮಾಂಸದಲ್ಲಿ ರಂಜಕ ಹೆಚ್ಚು, ಕ್ಯಾಲ್ಸಿಯಂ ಇಲ್ಲವೆನ್ನುವಷ್ಟು ಕಡಿಮೆ. ಮೂರು ತಿಂಗಳಿಗೆ ಕಾಲು ಬಾಗಿಸಿಕೊಂಡು ಬರುತ್ತವೆ.

ಇದನ್ನು ಮೊದಲೇ ಹೇಳಲು ಕಾರಣವಿದೆ. ಆ ತಿಂಗಳು ಅಂಥ ಮರಿಗಳನ್ನು ಮೂರು ನೋಡಿದ್ದೆ. ನನ್ನ ಕಣ್ಣು ಅದಕ್ಕೇ ಒಗ್ಗಿಹೋಗಿತ್ತು.

ಕುರಿಗಾರನೊಬ್ಬ ಕಂಬಳಿಯೊಳಗಿಂದ ಹೆಣ್ಣು ಮರಿಯೊಂದನ್ನು ತೆಗೆದು ಮೇಜಿನ ಮೇಲೆ ನಿಲ್ಲಿಸಿದ. ಮೂರೂವರೆ ತಿಂಗಳ ಮರಿ, ಎಡ ಮುಂಗಾಲು ಮಣಿಕಟ್ಟಿನ ಹತ್ತಿರ ಕೊಂಚ ಹೊರಗೆ ತಿರುಗಿತ್ತು. ಹೊರಗೆ ಜನ, ಒಳಗೆ ಈಯಲಾಗದ ಎಮ್ಮೆಯ ಫೋನು. "ಕ್ಯಾಲ್ಸಿಯಂ ಕಮ್ಮಿ ಆಗಿದೆ" ಎಂದು ಎರಡು ಬಾಟಲಿ ಸಿರಪ್ ಕೊಟ್ಟೆ. ಮೂರು ವಾರ ಬಿಟ್ಟು ಬಾ ಎಂದೆ. ಎಲ್ಲ ಸೇರಿ ನಾಲ್ಕು ನಿಮಿಷ ಹಿಡಿದಿರಬಹುದು.

ಅವನು ಬಂದದ್ದು 35 ದಿನಕ್ಕೆ, ತನ್ನ ತಾಯಿಯನ್ನೂ ಕರೆದುಕೊಂಡು. ಕಾಲು ಕುಡುಗೋಲಿನಂತಾಗಿತ್ತು.

ಈ ಸಲ ನೆಲದ ಮೇಲೆ ಕೂತೆ. ಮರಿಯನ್ನು ಎದುರಿಂದ ನಡೆಸಿದೆ, ಹಿಂದಿನಿಂದ ನಡೆಸಿದೆ. ಆಮೇಲೆ ಉಗುರು ನೋಡಿದೆ. ಬಲಗಾಲಿನ ಉಗುರುಗಳು ಕಲ್ಲುನೆಲಕ್ಕೆ ತಿಕ್ಕಿ ಮೊಂಡಾಗಿದ್ದವು. ಎಡಗಾಲಿನವು ಉದ್ದ ಇದ್ದವು, ತುದಿ ಇನ್ನೂ ಚೂಪು. ಅಂದರೆ ಆ ಕಾಲಿನ ಮೇಲೆ ಭಾರ ಹಾಕುವುದನ್ನು ಮರಿ ಕಡಿಮೆ ಮಾಡಿ ಎಷ್ಟೋ ದಿನವಾಗಿತ್ತು. ಇದೆಲ್ಲಕ್ಕಿಂತ ಮೊದಲು ಕಾಣಬೇಕಾದದ್ದು ಒಂದಿತ್ತು: ಬಾಗಿದ್ದು ಒಂದೇ ಕಾಲು. ಮೈಗೆ ಕ್ಯಾಲ್ಸಿಯಂ ಸಾಲದಿದ್ದರೆ ಅದು ಒಂದೇ ಕಾಲನ್ನು ಯಾಕೆ ಆರಿಸಿಕೊಳ್ಳುತ್ತದೆ?

"ಇದಕ್ಕೆ ಏನು ತಿನ್ನಿಸ್ತೀರಿ?"

"ಕುರಿ ಹಾಲಾಗ ರೊಟ್ಟಿ ಮುರದು ಹಾಕ್ತೀವ್ರಿ. ಮತ್ತೇನ್ ಹಾಕೂದ್ರಿ ಅಡವ್ಯಾಗ?"

ಹಸುವಿನ ಹಾಲಿಗಿಂತ ಕುರಿ ಹಾಲಿನಲ್ಲಿ ಕ್ಯಾಲ್ಸಿಯಂ ಹೆಚ್ಚು. ಜಿಲ್ಲೆಯಲ್ಲಿ ಕ್ಯಾಲ್ಸಿಯಂ ಬೇಡದ ಮರಿ ಒಂದಿದ್ದರೆ ಅದು ಇದೇ ಆಗಿತ್ತು. ನಾನು ಕೊಟ್ಟದ್ದು ಎರಡು ಬಾಟಲಿ.

ಪೆಟ್ಟು ಬಿದ್ದಿತ್ತೇ ಎಂದು ಕೇಳಿದಾಗ ತಾಯಿ ಹೇಳಿದಳು. "ಟಗರು ತುಳದಿತ್ತು ನೋಡು ಯಪ್ಪಾ, ಎರಡ್ ತಿಂಗಳ ಆತು. ನಾಕ್ ದಿನ ಕುಂಟಿ ಸುಮ್ಮನಾತು." ಮೊದಲ ದಿನ ನಾನು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ.

ನಮ್ಮಲ್ಲಿ ಎಕ್ಸ್‌ರೇ ಇಲ್ಲ. ಬೇರೆ ಕಡೆ ತೆಗೆಸಿ ತಂದ ಫಿಲ್ಮನ್ನು ಕಿಟಕಿಗೆ ಹಿಡಿದಾಗ ವಿಷಯ ತಿಳಿಯಿತು. ನಾಯಿಯ ಮುಂಗಾಲಲ್ಲಿ ರೇಡಿಯಸ್, ಅಲ್ನಾ ಎಂಬ ಎರಡು ಮೂಳೆ ಜೋಡಿಯಾಗಿ ಬೆಳೆಯುತ್ತವೆ. ಅಲ್ನಾದ ಉದ್ದದಲ್ಲಿ ಸುಮಾರು ಶೇ 85ರಷ್ಟು ಬರುವುದು ಅದರ ಕೆಳತುದಿಯ ಬೆಳವಣಿಗೆ ಪಟ್ಟಿಯಿಂದಲೇ. ನಾಯಿಯಲ್ಲಿ ಆ ಪಟ್ಟಿ ಆಲಿಕೆಯ ಆಕಾರದಲ್ಲಿರುವುದರಿಂದ ಪೆಟ್ಟು ಬಿದ್ದರೆ ಪಕ್ಕಕ್ಕೆ ಜಾರುವುದಿಲ್ಲ, ಜಜ್ಜಿಹೋಗುತ್ತದೆ. ಜಜ್ಜಿದ ಪಟ್ಟಿ ಹೊತ್ತಿಗೆ ಮೊದಲೇ ಮುಚ್ಚಿಕೊಳ್ಳುತ್ತದೆ. ಅಲ್ನಾ ನಿಂತುಬಿಡುತ್ತದೆ, ರೇಡಿಯಸ್ ಬೆಳೆಯುತ್ತಲೇ ಇರುತ್ತದೆ.

ಇದನ್ನು ನಾನು ಗಾಳಿಯಲ್ಲಿ ಬೆರಳಾಡಿಸಿ ವಿವರಿಸುತ್ತಿದ್ದೆ. ಕುರಿಗಾರ ಅರ್ಧಕ್ಕೇ ತಡೆದ. "ನೊಗದಾಗಿನ ಒಂದ್ ಎತ್ತು ನಿಂತು ಇನ್ನೊಂದು ನಡದ್ರ ಬಂಡಿ ಹೊಳ್ಳತೈತಿ. ಅಷ್ಟ ಹೌದಲ್ರಿ?" ಅಷ್ಟೇ. ಅಂದಿನಿಂದ ನಾನೂ ಎಲ್ಲರಿಗೂ ಎತ್ತಿನ ಮಾತನ್ನೇ ಹೇಳುತ್ತೇನೆ.

ಮುಂದಿನದು ಈ ಮರಿಯ ಗತಿ ಏನು ಎಂಬುದು. ಇಲ್ಲಿ ಎರಡನೇ ಸಲ ಎಡವಿದೆ. ಓಡುವ ತಳಿ, ಓಡಲಾಗದ ಕಾಲು. ಲೆಕ್ಕ ಮುಗಿಯಿತು ಎಂದುಕೊಂಡೆ. ಫೋನಿನಲ್ಲಿ ಸಹೋದ್ಯೋಗಿಯೊಬ್ಬರು "ಸುಮ್ಮನೆ ನರಳಿಸಬೇಡಿ, ಇಂಜೆಕ್ಷನ್ ಕೊಟ್ಟುಬಿಡಿ" ಎಂದಿದ್ದರು. ಅಷ್ಟು ದೂರ ಹೋಗಲು ಮನಸ್ಸಾಗದೆ, ಊರಲ್ಲಿ ಯಾರಾದರೂ ಸಾಕುವವರಿಗೆ ಕೊಟ್ಟುಬಿಡಿ, ಇದು ನಿಮ್ಮ ಕೆಲಸಕ್ಕೆ ಬರುವುದಿಲ್ಲ, ಓಡಲಾರದು ಎಂದೆ.

ಮುದುಕಿ ನನ್ನನ್ನೇ ನೋಡಿದಳು. "ಇದಕ್ಕ ಓಡು ಅಂತ ಯಾರ್ ಹೇಳ್ಯಾರ ಯಪ್ಪಾ?"

ಆಮೇಲಿನ ಕಾಲು ಗಂಟೆ ಅವಳು ಮಾತಾಡಿದಳು, ನಾನು ಕೇಳಿದೆ. ಹೊಲದಲ್ಲಿ ಕುರಿ ನಿಲ್ಲಿಸಿ ಸುತ್ತ ಬಲೆ ಕಟ್ಟಿದ ಮೇಲೆ ನಾಯಿಗಳು ತಾವೇ ನಾಲ್ಕು ದಿಕ್ಕಿಗೆ ಹೋಗಿ ಮಲಗುತ್ತವೆ. ತೋಳ ಸದ್ದು ಮಾಡದೆ ಬರುತ್ತದೆ, ಕುರಿಮರಿ ಕಚ್ಚಿಕೊಂಡು ಹೋಗುತ್ತದೆ. ಅದರ ವಾಸನೆ ಹಿಡಿದು ಎದ್ದು ಬೊಗಳುವ ನಾಯಿ ಒಂದು ಬೇಕು. ಬೆನ್ನು ಹತ್ತುವ ನಾಯಿ ಬೇರೆ, ಅದು ಅವರ ಹತ್ತಿರ ಇದೆ. ಈ ಮರಿಯ ತಾಯಿ ಬೊಗಳುವ ನಾಯಿ, ವಯಸ್ಸಾಗಿ ಕಿವಿ ಮಂದವಾಗಿತ್ತು. ಅದರ ಜಾಗಕ್ಕೆ ಇದನ್ನು ಇಟ್ಟುಕೊಂಡಿದ್ದರು. "ಎಲಿ ಅಲಗಾಡಿದ್ರ ಎದ್ದ ಕುಂದರತೈತಿ ಇದು" ಎಂದಳು. ಹಗಲು ಹಿಂಡಿನ ಜೊತೆ ದಿನಕ್ಕೆ ಎರಡು ಹರದಾರಿ ನಡೆದರೆ ಸಾಕು, ಅದೂ ಕುರಿಯ ನಡಿಗೆಯಲ್ಲಿ, ಮೇಯುತ್ತ, ನಿಲ್ಲುತ್ತ.

ಪೊಲೀಸ್ ದಳಕ್ಕೋ ಸೇನೆಗೋ ಹೋಗಬೇಕಾದ ಮರಿಯಾಗಿದ್ದರೆ ನನ್ನ ಮೊದಲ ಮಾತೇ ಸರಿ. ಅಲ್ಲಿ ಗೋಡೆ ಹಾರಬೇಕು, ವಾಹನದಿಂದ ಜಿಗಿಯಬೇಕು. ಇಂಥ ಕಾಲಿಗೆ ತರಬೇತಿ ಕೊಡುವುದೇ ಹಿಂಸೆ. ಆದರೆ ಇಲ್ಲಿ ಪ್ರಶ್ನೆ ಓಟದ್ದಲ್ಲ, ನೋವಿಲ್ಲದ ಎರಡು ಹರದಾರಿಯದು. ಅದನ್ನು ತೀರ್ಮಾನಿಸುವುದು ಕಣ್ಣಿಗೆ ಹೊಡೆಯುವ ಸೊಟ್ಟ ಮಣಿಕಟ್ಟಲ್ಲ, ಯಾರೂ ನೋಡದ ಮೊಣಕೈ. ರೇಡಿಯಸ್ ಬೆಳೆಯುತ್ತ, ನಿಂತುಹೋದ ಅಲ್ನಾ ಅದನ್ನು ಹಿಡಿದೆಳೆಯುತ್ತ ಇದ್ದರೆ ಮೊಣಕೈ ಕೀಲು ತಪ್ಪುತ್ತ ಹೋಗುತ್ತದೆ. ಸೊಟ್ಟ ಕಾಲಿನಲ್ಲಿ ನಾಯಿ ವರ್ಷಗಟ್ಟಲೆ ನಡೆದೀತು, ಕೆಟ್ಟ ಮೊಣಕೈಯಲ್ಲಿ ನಡೆಯದು. ಮೊಣಕೈ ಮಡಚಿದಾಗ ಮರಿ ಕೂಗಲಿಲ್ಲ. ನಾಲಿಗೆ ಒಮ್ಮೆ ಮೂಗಿನ ಮೇಲೆ ಸವರಿಕೊಂಡು ಮುಖ ಆ ಕಡೆ ತಿರುಗಿಸಿತು. ಫಿಲ್ಮಿನಲ್ಲೂ ಕೀಲಿನ ಸಂದು ಸ್ವಲ್ಪ ಅಗಲವಾಗಿತ್ತು. ತಡ ಮಾಡುವಂತಿರಲಿಲ್ಲ.

ಪಶುವೈದ್ಯಕೀಯ ಕಾಲೇಜಿಗೆ ಚೀಟಿ ಬರೆದುಕೊಟ್ಟು, ಫೋನೂ ಮಾಡಿ ಕಳಿಸಿದೆ. ಅಲ್ಲಿ ಅಲ್ನಾದ ಒಂದೂವರೆ ಸೆಂಟಿಮೀಟರ್ ತುಂಡು ಕತ್ತರಿಸಿ ತೆಗೆದು, ಆ ಸಂದಿನಲ್ಲಿ ಮರಿಯದೇ ಮೈಯ ಕೊಬ್ಬು ತುಂಬಿದರು. ಮೂಳೆ ಬೇಗ ಕೂಡಿಕೊಳ್ಳದಿರಲಿ, ರೇಡಿಯಸ್ ಬೆಳೆಯಲು ದಾರಿಯಾಗಲಿ ಎಂದು. ಆಗ ಮರಿಗೆ ಐದು ತಿಂಗಳು. ಬೆಳವಣಿಗೆ ಇನ್ನೂ ಬಾಕಿ ಇದ್ದಾಗ ಮಾತ್ರ ಇದರಿಂದ ಪ್ರಯೋಜನ. ಕಾಲು ನೇರ ಮಾಡಲು ಅಲ್ಲ, ಮೊಣಕೈ ಉಳಿಸಲು ಎಂದು ಮೊದಲೇ ಹೇಳಿದ್ದೆ. ಶಸ್ತ್ರಚಿಕಿತ್ಸೆ ಮಾಡಿದವರು ನನಗೆ ಫೋನಿನಲ್ಲಿ ಹೇಳಿದ್ದು ಒಂದೇ ಮಾತು: "ತಿಂಗಳ ಹಿಂದೆ ಕಳಿಸಿದ್ದರೆ ಇನ್ನೂ ಚೆನ್ನಾಗಿರ್ತಿತ್ತು."

ಅದನ್ನು ಕುರಿಗಾರನಿಗೆ ಹೇಳಬೇಕಿತ್ತು, ಹೇಳಿದೆ. ಆ ತಿಂಗಳು ಹೋದದ್ದು ನನ್ನಿಂದ, ಮೊದಲ ದಿನ ಸರಿಯಾಗಿ ನೋಡಲಿಲ್ಲ ಎಂದೆ. ಬೈಯುತ್ತಾನೆ ಎಂದುಕೊಂಡಿದ್ದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಾಟ್ಲಿ ರೊಕ್ಕ ಏನ್ ತಗೊಂಡಿಲ್ಲಲ್ರಿ ನೀವು" ಎಂದ. ಸಮಾಧಾನ ಹೇಳಿದನೋ ಚುಚ್ಚಿದನೋ ನನಗೆ ಇನ್ನೂ ಗೊತ್ತಾಗಿಲ್ಲ.

ಆರು ವಾರ ಮರಿಯನ್ನು ಕಟ್ಟಿಹಾಕಬೇಕಿತ್ತು. ಹಿಂಡು ಹೊರಡುವ ಹೊತ್ತು ಅದು, ಕಾಯುವಂತಿರಲಿಲ್ಲ. ಕುರಿಮರಿಗಳನ್ನು ಕುದುರೆಯ ಮೇಲೆ ಹೇರುವ ಜಾಳಿಗೆಯಲ್ಲೇ ಇದನ್ನೂ ಕೂರಿಸಿಕೊಂಡು ಹೋದರು. ಬ್ಯಾಂಡೇಜಿಗೆ ಮಣ್ಣು ತಾಗಬಾರದೆಂದು ಮುದುಕಿ ಹಳೇ ಕಂಬಳಿಯ ತುಂಡಿನಿಂದ ಚೀಲ ಹೊಲಿದಿದ್ದಳು. ನಾನು ಬರೆದುಕೊಟ್ಟ ಯಾವ ಸೂಚನೆಯಲ್ಲೂ ಅದು ಇರಲಿಲ್ಲ.

ಈಗ ಆ ನಾಯಿಗೆ ಎರಡು ವರ್ಷ ದಾಟಿದೆ. ಎಡ ಪಾದ ಇವತ್ತಿಗೂ ನೇರ ನೋಡುವುದಿಲ್ಲ. ಬಲಗಾಲು ಗಡಿಯಾರದ ಹನ್ನೆರಡು ತೋರಿಸಿದರೆ ಎಡಗಾಲು ಹನ್ನೊಂದು ತೋರಿಸುತ್ತದೆ. ಮೊಲದ ಹಿಂದೆ ಬಿದ್ದರೆ ಹತ್ತು ಮಾರಿಗೇ ನಿಲ್ಲುತ್ತದಂತೆ. ರಾತ್ರಿ ಮಾತ್ರ ಬಲೆಯ ಹೊರಗೆ ಮಲಗಿ ಬೊಗಳುತ್ತದೆ. ಅದೇ ಅದರ ನೌಕರಿ. ನಾನಂತೂ ಕುಂಟುವ ನಾಯಿ ಬಂದರೆ ಈಗ ಕಾಲು ಮುಟ್ಟುವ ಮೊದಲು ಇದು ಏನು ಮಾಡುತ್ತದೆ, ಏನು ತಿನ್ನುತ್ತದೆ ಎಂದು ಕೇಳುತ್ತೇನೆ. ಹೊರಗೆ ಜನ ಗೊಣಗುತ್ತಾರೆ.

ಮೊನ್ನೆ ಕುರಿಗಾರ ಗುಳಿಗೆಗೆ ಬಂದಿದ್ದ. ಚಳಿ ಬಿದ್ದ ಬೆಳಿಗ್ಗೆ ನಾಯಿಯ ಮೊಣಕೈ ಬಿಗಿಯುತ್ತದೆ, ನಾಲ್ಕು ಹೆಜ್ಜೆ ಕುಂಟಿ ಆಮೇಲೆ ಸಡಿಲಾಗುತ್ತದೆ. ಮುಂದೆ ಈ ನೋವು ಹೆಚ್ಚಬಹುದು, ಒಂದು ದಿನ ಅಡವಿ ಬಿಡಿಸಬೇಕಾಗುತ್ತದೆ ಎಂದೆ.

"ಆವಾಗ ಅವ್ವನ ಕೂಡ ಊರಾಗ ಇರತೈತ್ರಿ. ಅಕೀ ಮೊಣಕಾಲೂ ಹಂಗ ಆಗ್ಯಾವು" ಎಂದ.

ಅವ್ವನ ನೋವಿನ ಗುಳಿಗೆ ಇದಕ್ಕೆ ಹಾಕಬೇಡ, ಇದರದ್ದು ಅವ್ವನಿಗೆ ಕೊಡಬೇಡ ಎಂದು ಎರಡೆರಡು ಸಲ ಹೇಳಿ ಕಳಿಸಿದೆ.