ಬೀಗದ ಕೈ ಯಾರ ಹತ್ತಿರ ಇದೆ?

ನನಗೆ ಬೆನ್ನುಹುರಿ ಪೆಟ್ಟಾಗಿದ್ದು ಕುತ್ತಿಗೆಯ ಹತ್ತಿರ. ಅಮ್ಮ ಇರುವ ತನಕ ನನ್ನ ಆರೈಕೆಯ ವಿಷಯವೆಲ್ಲ ಅವರ ತಲೆಯಲ್ಲೇ ಇತ್ತು. ಅವರು ಹೋದ ಮೇಲೆ ಐದು ಜನ ಜೊತೆಯಾದರು. ಸಂಬಳದವರು ಯಾರೂ ಅಲ್ಲ. ಪಕ್ಕದ ಮನೆಯಾಕೆ, ಹಳೆಯ ಸಹಪಾಠಿ, ಹೀಗೆ. ನನಗೇನು ಕಡಿಮೆ ಅಂದುಕೊಂಡಿದ್ದೆ.

ಒಂದು ರಾತ್ರಿ ತಲೆ ಸಿಡಿಯತೊಡಗಿತು. ಮುಖವೆಲ್ಲ ಬೆವರು. ಏನಾಗಿದೆ ಅಂತ ನನಗೆ ಗೊತ್ತು: ಮೂತ್ರ ಹೊರಗೆ ಹರಿಸುವ ಕ್ಯಾತಿಟರ್ ಟ್ಯೂಬು ಎಲ್ಲೋ ಮಡಚಿಕೊಂಡಿದೆ, ಮೂತ್ರ ಕಟ್ಟಿದೆ. ಎದೆಭಾಗದ 6ನೇ ಬೆನ್ನುಮೂಳೆಯ ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರಿಗೆ ಇಷ್ಟೇ ಸಾಕು, ಬಿಪಿ ಒಂದೇ ಸಮನೆ ಏರುತ್ತದೆ. ಆಟೊನಾಮಿಕ್ ಡಿಸ್‌ರಿಫ್ಲೆಕ್ಸಿಯಾ ಅಂತ ಹೆಸರು. ತಡವಾದರೆ ಮೆದುಳಿನಲ್ಲಿ ರಕ್ತಸ್ರಾವವೂ ಆಗಬಹುದು.

ಫೋನಿಗೆ ಬಾಯಲ್ಲೇ ಹೇಳಿ ಸಹಪಾಠಿಗೆ ಕರೆ ಮಾಡಿದೆ. ಅವನಿಗೆ ಇದೆಲ್ಲ ಗೊತ್ತು, ಆದರೆ ಆ ದಿನ ಪರ ಊರಿನಲ್ಲಿದ್ದ. ಬೀಗದ ಕೈ ಪಕ್ಕದ ಮನೆಯಾಕೆಯ ಹತ್ತಿರ. ಆಕೆಗೆ ಈ ತೊಂದರೆಯ ಹೆಸರೂ ಗೊತ್ತಿಲ್ಲ. ಇಬ್ಬರ ಹತ್ತಿರವೂ ಇನ್ನೊಬ್ಬರ ನಂಬರ್ ಇಲ್ಲ! ಅವನು ಹೇಳಿದ್ದನ್ನು ಆಕೆಗೆ, ಆಕೆ ಕೇಳಿದ್ದನ್ನು ಅವನಿಗೆ, ಸಿಡಿಯುವ ತಲೆ ಹೊತ್ತು ನಾನೇ ಸಾಗಿಸುತ್ತಿದ್ದೆ. ಕೊನೆಗೆ ಆಕೆ ಬಂದು, ನನ್ನನ್ನು ನೆಟ್ಟಗೆ ಕೂರಿಸಿ, ತೊಡೆಯ ಕೆಳಗೆ ಸಿಕ್ಕಿಕೊಂಡಿದ್ದ ಟ್ಯೂಬು ಬಿಡಿಸಿದರು.

ಕೆನಡಾದ ಜೂಡಿತ್ ಸ್ನೋ ಬಗ್ಗೆ ಓದಿದ್ದೆ. ಕೈಕಾಲು ಆಡದ ಆಕೆ ವೃದ್ಧರ ನಡುವೆ ಆರೈಕೆ ಕೇಂದ್ರದಲ್ಲಿ ಸಿಕ್ಕಿಕೊಂಡಿದ್ದಾಗ, 1980ರ ಸುಮಾರಿಗೆ, ಸ್ನೇಹಿತರು ಒಂದು ಗುಂಪಾದರು. ಒಟ್ಟಿಗೆ ಕೂತು ಯೋಚಿಸಿ ಆಕೆಯನ್ನು ಹೊರಗೆ ತಂದರು. ನನಗೂ ಅಂಥದ್ದೇ ಗುಂಪಿದೆ ಅಂದುಕೊಂಡಿದ್ದೆ ನೋಡಿ. ನನ್ನ ಹತ್ತಿರ ಇದ್ದಿದ್ದು ಗಾಲಿಯ ಕಡ್ಡಿಗಳು ಮಾತ್ರ, ಸುತ್ತಿನ ಬಳೆ ಇರಲಿಲ್ಲ.

ಆಮೇಲೆ ಐವರನ್ನೂ ಒಂದೇ ದಿನ ಮನೆಗೆ ಕರೆದೆ. ಟ್ಯೂಬು ತೋರಿಸಿದೆ, ಎಲ್ಲೆಲ್ಲಿ ಮಡಚಿಕೊಳ್ಳುತ್ತದೆ ಅಂತ ಮುಟ್ಟಿ ನೋಡಿದರು. ನಾಚಿಕೆ ಆಯಿತು, ಸುಳ್ಳು ಹೇಳಲ್ಲ. ವಾಟ್ಸಾಪ್ ಗುಂಪೂ ಆಯಿತು. ವಾರದೊಳಗೆ ನನ್ನನ್ನು ಬಿಟ್ಟು ಇನ್ನೊಂದು ಗುಂಪು ಮಾಡಿಕೊಂಡಿದ್ದು ತಿಳಿದು ಜಗಳವಾಡಿದೆ. ನನ್ನ ಮೈ ವಿಷಯ ನಾನಿಲ್ಲದೆ ಮಾತಾಡೋದು ಯಾವ ನ್ಯಾಯ, ಅಲ್ವಾ? ಅದನ್ನು ಮುಚ್ಚಿಸಿದೆ.

ಮೊನ್ನೆ ಪಕ್ಕದ ಮನೆಯಾಕೆ ಊರಿಗೆ ಹೊರಟರು. ಬೀಗದ ಕೈಯನ್ನು ಸಹಪಾಠಿಗೆ ಕೊಟ್ಟು ಹೋಗಿದ್ದಾರೆ ಅಂತ ನನಗೆ ಗೊತ್ತಾಗಿದ್ದು ಮರುದಿನ, ಅವನೇ ಬಾಗಿಲು ತೆಗೆದು ಒಳಗೆ ಬಂದಾಗ.