ಅಜ್ಜನ ರಾಶಿಯಲ್ಲಿನ ಹಸಿರು ಕಾಯಿ

ಡಿಸೆಂಬರ್ ಎಂದರೆ ನಮ್ಮ ಮೂಡಿಗೆರೆ ಸೀಮೆಯಲ್ಲಿ ಅರೇಬಿಕಾ ಕುಯ್ಲಿನ ಕಾಲ. ರಜೆಗೆ ಅಜ್ಜನ ತೋಟಕ್ಕೆ ಹೋದಾಗಲೆಲ್ಲ ನಾನೂ ಸೊಂಟಕ್ಕೆ ಚೀಲ ಕಟ್ಟಿಕೊಂಡು, ಮಂಜು ಕರಗುವ ಮೊದಲೇ ಗಿಡಗಳ ಸಾಲಿಗೆ ಇಳಿಯುತ್ತಿದ್ದೆ. ಸಂಜೆ ಕಣದಲ್ಲಿ ಚೀಲ ಸುರಿದರೆ ನನ್ನ ರಾಶಿಯಲ್ಲಿ ಹಣ್ಣಿಗಿಂತ ಕಾಯಿಯೇ ಹೆಚ್ಚು. "ಇವನೂ ಅಪ್ಪನ ಹಾಗೆಯೇ, ಗಮನವಿಲ್ಲ" ಎಂದು ಮಾವಂದಿರು ಬೈಯುತ್ತಿದ್ದರು. ಅವರ ಅಪ್ಪ, ಅಂದರೆ ನನ್ನ ಅಜ್ಜ, ಏನೂ ಹೇಳುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅವರು ನನ್ನ ಗಿಡದ ಬಳಿ ಬಂದು ನಿಂತರು. ಹೆಬ್ಬೆರಳು, ತೋರುಬೆರಳಿನ ನಡುವೆ ಒಂದೊಂದನ್ನೇ ಮೆಲ್ಲಗೆ ಒತ್ತಿ ತೋರಿಸಿದರು. ಕಾಯಿ ಕಲ್ಲಿನಂತೆ ಗಟ್ಟಿ. ಹಣ್ಣನ್ನು ಒತ್ತಿದರೆ ಸಿಪ್ಪೆ ಮೆತ್ತಗೆ ಬಗ್ಗುತ್ತದೆ, ಒಳಗಿನ ಬೀಜ ಜಾರುತ್ತದೆ. "ಬೆರಳನ್ನು ಕೇಳು" ಎಂದರು, ಅಷ್ಟೇ.

ಇಪ್ಪತ್ಮೂರನೆಯ ವಯಸ್ಸಿನಲ್ಲಿ ಒಂದು ಕೆಲಸಕ್ಕೆಂದು ಚಿಕ್ಕಮಗಳೂರಿನಲ್ಲಿ ಕಣ್ಣು ಪರೀಕ್ಷೆ ಮಾಡಿಸಿಕೊಂಡೆ. ಜಪಾನಿನ ಕಣ್ಣಿನ ವೈದ್ಯ ಇಶಿಹರಾ 1917ರಲ್ಲಿ ಪ್ರಕಟಿಸಿದ ಚುಕ್ಕಿಗಳ ಪುಟಗಳನ್ನು ವೈದ್ಯರು ಮುಂದಿಟ್ಟರು. ಎಲ್ಲರಿಗೂ ಅಂಕಿ ಕಾಣುವ ಪುಟಗಳಲ್ಲಿ ನನಗೆ ಬರಿಯ ಚುಕ್ಕಿಗಳು. ಕೆಂಪು, ಹಸಿರುಗಳ ವ್ಯತ್ಯಾಸ ಸರಿಯಾಗಿ ಕಾಣದ ವರ್ಣಾಂಧತೆ ಇದು ಎಂದರು ವೈದ್ಯರು. ಅವರು ನನ್ನ ತಂದೆಯ ವಿಷಯ ಎತ್ತಲೇ ಇಲ್ಲ. "ತಾಯಿಯ ತಂದೆಗೆ ಹೀಗಿತ್ತೇ?" ಎಂದು ಕೇಳಿದರು. ನನಗೆ ಮೈ ಜುಮ್ಮೆಂದಿತು.

ಕಣ್ಣಿನಲ್ಲಿ ಕೆಂಪು, ಹಸಿರು ಬೆಳಕನ್ನು ಹಿಡಿಯುವ ವರ್ಣದ್ರವ್ಯಗಳ ಜೀನ್‌ಗಳು ಎಕ್ಸ್ ವರ್ಣತಂತುವಿನಲ್ಲಿ ಅಕ್ಕಪಕ್ಕದಲ್ಲೇ ಇವೆ. ಎರಡೂ ಬಹುಮಟ್ಟಿಗೆ ಒಂದೇ ತರಹ ಇರುವುದರಿಂದ ವರ್ಣತಂತುಗಳು ತುಣುಕು ಬದಲಿಸಿಕೊಳ್ಳುವಾಗ ಜೋಡಣೆ ತಪ್ಪಿ, ಒಂದು ಕಳೆದುಹೋಗಬಹುದು ಅಥವಾ ಎರಡೂ ಬೆರೆತುಹೋಗಬಹುದು. ಗಂಡಿಗಿರುವುದು ಒಂದೇ ಎಕ್ಸ್, ಅದು ತಾಯಿಯಿಂದ ಬಂದದ್ದು. ಹಾಗಾಗಿ ಅಜ್ಜನ ಎಕ್ಸ್ ಮಾವಂದಿರಿಗೆ ಹೋಗಲೇ ಇಲ್ಲ. ಮಗಳಾದ ಅಮ್ಮನಿಗೆ ಮಾತ್ರ ಹೋಯಿತು. ಅಮ್ಮನಿಗೆ ಅಜ್ಜಿಯ ಕಡೆಯಿಂದ ಇನ್ನೊಂದು ಎಕ್ಸ್ ಇದ್ದದ್ದರಿಂದ ಅವರ ಕಣ್ಣಿಗೆ ತೊಂದರೆಯಾಗಲಿಲ್ಲ. ಅವರ ಪ್ರತಿ ಗಂಡುಮಗುವಿಗೂ ಇದು ಬರುವ ಸಾಧ್ಯತೆ ಅರ್ಧಕ್ಕರ್ಧ. ನನಗೆ ಬಂದಿತು, ತಮ್ಮನಿಗೆ ಬರಲಿಲ್ಲ. ಹೆತ್ತ ಗಂಡುಮಕ್ಕಳಲ್ಲೇ ಕಾಣದ ಗುಣವನ್ನು ವಂಶದ್ದೆಂದು ಯಾರು ತಾನೇ ಊಹಿಸುತ್ತಾರೆ? ಅಜ್ಜನ ಪಾಲಿಗೆ ಉಳಿದದ್ದು ಅಜಾಗರೂಕ ಎಂಬ ಹೆಸರು.

ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ಜಾನ್ ಡಾಲ್ಟನ್ ತನ್ನ ಇದೇ ಬಗೆಯ ದೃಷ್ಟಿಯನ್ನು 1794ರಲ್ಲಿ ವಿವರಿಸಿದ್ದರು. ಅವರ ಕಾಪಿಟ್ಟ ಕಣ್ಣಿನ ಡಿಎನ್‌ಎ ಪರೀಕ್ಷಿಸಿದ ವಿಜ್ಞಾನಿಗಳು, ಹಸಿರಿನ ಜೀನ್ ಇಲ್ಲವೆಂದು 1995ರಲ್ಲಿ ಪ್ರಕಟಿಸಿದರು. ಅಜ್ಜನ ಕಣ್ಣನ್ನು ಯಾರೂ ಪರೀಕ್ಷಿಸಲಿಲ್ಲ. ಅವರ ಪರವಾಗಿ ಸಾಕ್ಷಿ ಹೇಳಲು ಈಗ ಇರುವುದು ನನ್ನ ಕಣ್ಣು.

ಮನೆಗೆ ಬಂದು ಅಮ್ಮನಿಗೆ ಎಲ್ಲವನ್ನೂ ಕಾಗದದ ಮೇಲೆ ಬರೆದು ತೋರಿಸಿದೆ. ಎಂ.ಜಿ. ರಸ್ತೆಯ ಅಂಗಡಿಯಲ್ಲಿ ಸೀರೆಗೆ ಹೊಂದುವ ರವಿಕೆ ಬಟ್ಟೆಯನ್ನು ಒಂದೇ ನೋಟಕ್ಕೆ ಹೆಕ್ಕುವವರು ಅವರು. "ಹಾಗಾದರೆ ನನ್ನಿಂದಲೇ ನಿನಗೆ ಬಂದಿತೇ?" ಎಂದರು. ನಿಮ್ಮಿಂದ ಬಂದದ್ದು, ನಿಮ್ಮ ತಪ್ಪಿನಿಂದಲ್ಲ ಎಂದೆ.

ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: ಕುಯ್ಲಿನ ದಿನಗಳಲ್ಲಿ ರಾತ್ರಿ ಊಟವಾದ ಮೇಲೆ ಅಜ್ಜ ಲಾಟೀನು ಹಿಡಿದು ಒಬ್ಬರೇ ಕಣಕ್ಕೆ ಹೋಗುತ್ತಿದ್ದರಂತೆ. ತಮ್ಮ ರಾಶಿಯ ಮುಂದೆ ಕೂತು ಒಂದೊಂದನ್ನೇ ಎತ್ತಿ ಬೇರೆ ಬೇರೆ ಇಡುತ್ತಿದ್ದರಂತೆ.

"ಎಣಿಸುತ್ತಿದ್ದಾರೆ ಎಂದುಕೊಂಡಿದ್ದೆವು" ಎಂದರು ಅಮ್ಮ.